ಭುಜದ ಕೀಲು ಬದಲಿ ಆಪರೇಷನ್ ಆದ ಮೇಲೆ: ಮೊದಲ ದಿನದಿಂದ ಒಂದು ವರ್ಷದವರೆಗಿನ ಚೇತರಿಕೆ ಮತ್ತು ಫಿಸಿಯೋಥೆರಪಿಯ ಸಮಗ್ರ ಮಾರ್ಗದರ್ಶಿ

ಆಪರೇಷನ್ ಸರಿಯಾಗಿಯೇ ಆಗಿರುತ್ತದೆ. ಎಕ್ಸ್‌ರೇಯಲ್ಲಿ ಇಂಪ್ಲಾಂಟ್, ಅಂದರೆ ಒಳಗೆ ಕೂರಿಸಿದ ಕೃತಕ ಕೀಲು, ಇರಬೇಕಾದ ಜಾಗದಲ್ಲೇ ಕಾಣುತ್ತದೆ. ಆದರೂ ಆರೇಳು ತಿಂಗಳು ಕಳೆದರೂ ಕೈ ತಲೆಯ ತನಕ ಹೋಗುವುದಿಲ್ಲ. ಈ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಕೆದಕಿ ನೋಡಿದರೆ ಜನ ಎಡವುವ ಜಾಗ ಹೆಚ್ಚಾಗಿ ಎರಡೇ. ಮೂರನೇ ವಾರದಲ್ಲಿ ನೋವು ಇಳಿದ ಕೂಡಲೇ ಸ್ಲಿಂಗ್ (ಕೈಯನ್ನು ಕುತ್ತಿಗೆಯಿಂದ ತೂಗಿ ಹಿಡಿಯುವ ಪಟ್ಟಿ) ಬಿಚ್ಚಿಟ್ಟು ಕೈ ಬಳಸಿಬಿಡುವುದು ಒಂದು. ನಾಲ್ಕನೇ ತಿಂಗಳಲ್ಲಿ ದಿನದ ಕೆಲಸಕ್ಕೆ ಕೈ ಒದಗಿತು ಅಂತ ವ್ಯಾಯಾಮ ನಿಲ್ಲಿಸಿಬಿಡುವುದು ಇನ್ನೊಂದು.

ಎರಡಕ್ಕೂ ಮೂಲ ಒಂದೇ: ನೋವನ್ನೇ ಅಳತೆಗೋಲು ಮಾಡಿಕೊಂಡಿರುವುದು. ಹೊಸ ಕೀಲು ಲೋಹ ಮತ್ತು ಪ್ಲಾಸ್ಟಿಕ್‌ನದು. ಅದು ವಾಸಿಯಾಗಬೇಕಾಗಿಲ್ಲ. ವಾಸಿಯಾಗಬೇಕಾದದ್ದು ಅದರ ಸುತ್ತ ಕತ್ತರಿಸಿ ಹೊಲಿದ ಸ್ನಾಯು ಮತ್ತು ಅದನ್ನು ಎಲುಬಿಗೆ ಕಟ್ಟುವ ಟೆಂಡನ್. ಸವೆದ ಕೀಲಿನ ನೋವು ಬೇಗ ಹೋಗುತ್ತದೆ. ಟೆಂಡನ್ ಎಲುಬಿಗೆ ಕೂಡಿಕೊಳ್ಳುವುದು ನಿಧಾನ. ಹಾಗಾಗಿ ಒಂದು ಹಂತದಿಂದ ಮುಂದಿನದಕ್ಕೆ ಹೋಗಲು ಎರಡು ಷರತ್ತು ಇಟ್ಟುಕೊಳ್ಳಿ: ಹೇಳಿದಷ್ಟು ವಾರ ತುಂಬಿರಬೇಕು, ಆ ಹಂತದ ಚಲನೆಯೂ ಬಂದಿರಬೇಕು. ಒಂದಿದ್ದು ಇನ್ನೊಂದಿಲ್ಲ ಅಂದರೆ ಅದೇ ಹಂತದಲ್ಲಿ ಇರಿ.

ಕೆಳಗಿನ ವಾರಗಳ ಲೆಕ್ಕ ಸಾಮಾನ್ಯವಾಗಿ ಅನುಸರಿಸುವಂಥದ್ದು. ನಿಮ್ಮ ಎಲುಬಿನ ಗಟ್ಟಿತನ, ಟೆಂಡನ್‌ನ ಸ್ಥಿತಿ, ಹೊಲಿಗೆ ಎಷ್ಟು ಭದ್ರವಾಗಿ ಕೂತಿದೆ ಅನ್ನೋದನ್ನು ಕಣ್ಣಾರೆ ನೋಡಿದವರು ನಿಮ್ಮ ಸರ್ಜನ್ ಮಾತ್ರ. ಅವರ ಮಾತಿಗೂ ಇಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಬಂದರೆ ಅವರು ಹೇಳಿದಂತೆ ನಡೆಯಿರಿ.

ಹಂತ 1: ನಿಮಗೆ ಆಗಿರುವುದು ಯಾವ ಬಗೆಯ ಆಪರೇಷನ್ ಅಂತ ತಿಳಿದುಕೊಳ್ಳಿ

ಇದನ್ನು ತಿಳಿಯದೆ ಒಂದೇ ಒಂದು ವ್ಯಾಯಾಮವನ್ನೂ ಶುರು ಮಾಡಬೇಡಿ. ಪಕ್ಕದ ಮನೆಯವರು ಮಾಡಿದ ವ್ಯಾಯಾಮ, ವಿಡಿಯೋದಲ್ಲಿ ನೋಡಿದ ವ್ಯಾಯಾಮ ನಿಮ್ಮ ಭುಜಕ್ಕೆ ಅಪಾಯವಾಗಬಹುದು. ಯಾಕೆಂದರೆ ಆಪರೇಷನ್‌ನ ಬಗೆ ಬದಲಾದರೆ ನಿಷಿದ್ಧ ಚಲನೆಯೂ ಬದಲಾಗುತ್ತದೆ.

ಮೊದಲನೆಯದು ಸಾಮಾನ್ಯ ಪೂರ್ಣ ಭುಜ ಬದಲಿ. ತೋಳಿನ ಎಲುಬಿನ ತುದಿಗೆ ಲೋಹದ ಗುಂಡು, ಹೆಗಲ ಮೂಳೆಯ ಕಡೆಗೆ ಪ್ಲಾಸ್ಟಿಕ್ ಬಟ್ಟಲು. ಇಲ್ಲಿ ಸಾಮಾನ್ಯವಾಗಿ ಕೀಲಿನ ಒಳಗೆ ಹೋಗಲು ಮುಂಭಾಗದ ಸಬ್‌ಸ್ಕ್ಯಾಪುಲಾರಿಸ್ ಟೆಂಡನ್ ಬಿಡಿಸಿ, ಕೊನೆಗೆ ಮತ್ತೆ ಹೊಲಿಯುತ್ತಾರೆ. ಈ ಹೊಲಿಗೆಯನ್ನು ಕಾಪಾಡುವುದೇ ಮೊದಲ ತಿಂಗಳುಗಳ ಕೆಲಸ. ಕೈಯನ್ನು ಹೊರಕ್ಕೆ ಜಾಸ್ತಿ ತಿರುಗಿಸಿದರೆ ಅದು ಎಳೆಯಲ್ಪಡುತ್ತದೆ. ಒಳಕ್ಕೆ ಬಲವಾಗಿ ಒತ್ತಿದರೆ ಆ ಸ್ನಾಯುವೇ ದುಡಿಯುತ್ತದೆ. ಎರಡೂ ಬೇಡ.

ಎರಡನೆಯದು ರಿವರ್ಸ್ ಭುಜ ಬದಲಿ. ಗುಂಡು ಹೆಗಲ ಮೂಳೆಯ ಕಡೆಗೆ, ಬಟ್ಟಲು ತೋಳಿನ ಕಡೆಗೆ. ಭುಜದ ಕೀಲನ್ನು ಸುತ್ತಲಿಂದ ಹಿಡಿದಿಡುವ ರೊಟೇಟರ್ ಕಫ್ ಸ್ನಾಯುಗಳು ಕೆಟ್ಟುಹೋಗಿರುವವರಿಗೆ ಹೆಚ್ಚಾಗಿ ಇದನ್ನು ಮಾಡುತ್ತಾರೆ. ಇಲ್ಲಿ ಕೈ ಎತ್ತುವ ಮುಖ್ಯ ಕೆಲಸ ಭುಜದ ಮೇಲಿನ ಡೆಲ್ಟಾಯ್ಡ್ ಸ್ನಾಯುವಿನದು. ಈ ಬಗೆಯಲ್ಲಿ ದೊಡ್ಡ ಭಯ ಕೀಲು ಜಾರುವುದು. ಕೈ ಹಿಂದಕ್ಕೆ ಹೋಗಿ, ಮೈಗೆ ಅಂಟಿಕೊಂಡು, ಒಳಕ್ಕೆ ತಿರುಗಿದಾಗ ಅದು ಜಾರುವ ಸಾಧ್ಯತೆ ಹೆಚ್ಚು. ಹಿಂದಿನ ಜೇಬಿಗೆ ಕೈ ಹಾಕುವುದು, ಬೆನ್ನ ಹಿಂದೆ ಅಂಗಿ ಸಿಕ್ಕಿಸುವುದು ಸರಿಯಾಗಿ ಇದೇ ಭಂಗಿ. ಸಾಮಾನ್ಯವಾಗಿ 12 ವಾರ ಇದು ಪೂರ್ತಿ ನಿಷಿದ್ಧ.

ಮೂರನೆಯದು ಅರ್ಧ ಬದಲಿ. ಗುಂಡನ್ನು ಮಾತ್ರ ಬದಲಿಸಿರುತ್ತಾರೆ. ಎಲುಬು ಮುರಿದಿದ್ದಕ್ಕೆ ಮಾಡಿದ್ದರೆ ತುಂಡುಗಳು ಕೂಡಿಕೊಳ್ಳಬೇಕು, ಹಾಗಾಗಿ ಶುರು ಇನ್ನೂ ನಿಧಾನ. ರಿವರ್ಸ್ ಬಗೆಯನ್ನು ಮುರಿತಕ್ಕಾಗಿ ಮಾಡಿದ್ದರೂ ಇದೇ ಮಾತು.

ಆಸ್ಪತ್ರೆಯಿಂದ ಹೊರಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ:

1. ಯಾವ ಬಗೆಯ ಬದಲಿ? ಟೆಂಡನ್ ಹೊಲಿದಿದ್ದೀರಾ?
2. ಸ್ಲಿಂಗ್ ಎಷ್ಟು ವಾರ? ರಾತ್ರಿಯೂ ಬೇಕಾ?
3. ಕೈಯನ್ನು ಮುಂದಕ್ಕೆ ಎಷ್ಟು ಡಿಗ್ರಿ ಎತ್ತಬಹುದು, ಹೊರಕ್ಕೆ ಎಷ್ಟು ತಿರುಗಿಸಬಹುದು?
4. ಸ್ವಂತ ಬಲದಿಂದ ಕೈ ಎತ್ತುವುದು ಯಾವಾಗಿಂದ?

ಈ ಕಾಗದವನ್ನೇ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಸರ್ಜನ್ ಮತ್ತು ಫಿಸಿಯೋ ಬೇರೆ ಬೇರೆ ಕಡೆ ಇದ್ದಾಗ ಇಬ್ಬರ ನಡುವಿನ ಸೇತುವೆ ಈ ಕಾಗದ ಮಾತ್ರ.

ಹಂತ 2: ಸಾಮಾನುಗಳನ್ನು ಮೊದಲೇ ಜೋಡಿಸಿಕೊಳ್ಳಿ

ಆಪರೇಷನ್‌ಗೆ ಮುಂಚೆಯೇ ಮಾಡಿಡಬೇಕಾದ ಕೆಲಸ ಇದು. ಒಂದೇ ಕೈಯಲ್ಲಿ ಹುಡುಕುತ್ತಾ ಕೂರುವಾಗಲೇ ಎಡವಟ್ಟು ಆಗುವುದು.

ಬೇಕಾದವು ಇಷ್ಟು: ಮುಂದೆ ಪೂರ್ತಿ ಗುಂಡಿ ಬಿಚ್ಚುವ ಸಡಿಲ ಅಂಗಿಗಳು. ಎರಡು ಮೂರು ದಿಂಬು, ಒಂದೆರಡು ಟವೆಲ್. ಬಟ್ಟೆ ಸುತ್ತಿ ಇಡಬಹುದಾದ ಐಸ್ ಪ್ಯಾಕ್. ಸುಮಾರು ಒಂದು ಮೀಟರ್ ಉದ್ದದ ಹಗುರ ಕೋಲು. ನುಣುಪಾದ ಮೇಜು. ಆಳೆತ್ತರದ ಕನ್ನಡಿ. ಬಾಗಿಲಿಗೆ ಸಿಕ್ಕಿಸುವ ಪುಲ್ಲಿ ಮತ್ತು ತೆಳು ರಬ್ಬರ್ ಬ್ಯಾಂಡ್ ಈಗಲೇ ಬೇಡ, ಮುಂದೆ ಬೇಕಾಗುತ್ತವೆ.

ದಿನ ಬಳಸುವ ವಸ್ತುಗಳನ್ನು ಸೊಂಟದಿಂದ ಎದೆ ಮಟ್ಟದೊಳಗೆ ಇಡಿ. ನಡೆಯುವ ದಾರಿಯಲ್ಲಿ ಜಾರುವ ಚಾಪೆ, ವೈರು ಏನಿದ್ದರೂ ತೆಗೆಯಿರಿ. ಬೀಳುವುದು ಈ ಕೀಲಿನ ದೊಡ್ಡ ಶತ್ರು. ಊರುಗೋಲು ಬಳಸುವವರು ಅದನ್ನು ಇನ್ನೊಂದು ಕೈಯಲ್ಲಿ ಹಿಡಿದು ನಡೆಯುವ ಅಭ್ಯಾಸ ಮೊದಲೇ ಮಾಡಿಕೊಳ್ಳಿ. ಆಪರೇಷನ್ ಆದ ಕೈ ಮೇಲೆ ಮೈಭಾರ ಹಾಕುವಂತಿಲ್ಲ.

ಹಂತ 3: ಮೊದಲ 2 ವಾರ, ಕಾಪಾಡುವ ಕಾಲ

ಈ ಎರಡು ವಾರದಲ್ಲಿ ಭುಜಕ್ಕೆ ಕೆಲಸ ಬಹಳ ಕಡಿಮೆ. ಬೆರಳು, ಮಣಿಕಟ್ಟು, ಮೊಣಕೈಗೆ ಕೆಲಸ ಜಾಸ್ತಿ.

ನೋವು. ಆಪರೇಷನ್ ವೇಳೆ ನರಕ್ಕೆ ಮದ್ದು ಕೊಟ್ಟಿದ್ದರೆ ಕೈ ಕೆಲವು ಗಂಟೆಗಳಿಂದ ಒಂದು ದಿನದವರೆಗೆ ಮರಗಟ್ಟಿರಬಹುದು. ಆಗ ನೋವೇ ಇಲ್ಲವಲ್ಲ ಅಂತ ಮಾತ್ರೆ ತಪ್ಪಿಸಬೇಡಿ. ಮದ್ದಿನ ಪ್ರಭಾವ ಇಳಿಯುವ ಮುಂಚೆಯೇ, ವೈದ್ಯರು ಹೇಳಿದ ಹೊತ್ತಿಗೆ ಮಾತ್ರೆ ತೆಗೆದುಕೊಳ್ಳಿ. ನೋವು ಏರಿದ ಮೇಲೆ ಅದನ್ನು ಇಳಿಸುವುದು ಕಷ್ಟ. ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ 15 ರಿಂದ 20 ನಿಮಿಷ ಇಡಿ. ಚರ್ಮ ಮರಗಟ್ಟಿರುವಾಗ ಐಸ್ ಇಟ್ಟು ನಿದ್ದೆ ಹೋಗಬೇಡಿ, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಮಲಗುವುದು. ಎಲ್ಲರೂ ಹೆಚ್ಚು ಒದ್ದಾಡುವುದು ಇಲ್ಲಿಯೇ. ಚಪ್ಪಟೆಯಾಗಿ ಮಲಗಿದರೆ ಮೊಣಕೈ ಹಾಸಿಗೆಗೆ ಇಳಿಯುತ್ತದೆ, ಭುಜ ಹಿಂದಕ್ಕೆ ಎಳೆದಂತಾಗುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಅರ್ಧ ಒರಗಿದಂತೆ ಮಲಗಿ. ಆಪರೇಷನ್ ಆದ ತೋಳಿನ ಕೆಳಗೆ, ಭುಜದಿಂದ ಮೊಣಕೈವರೆಗೆ, ಮಡಚಿದ ಟವೆಲ್ ಅಥವಾ ದಿಂಬು ಇಡಿ. ಪರೀಕ್ಷೆ ಸುಲಭ: ಮಲಗಿದಲ್ಲಿಂದಲೇ ಕಣ್ಣು ಕೆಳಗೆ ಹೊರಳಿಸಿ. ನಿಮ್ಮ ಮೊಣಕೈ ಕಾಣಬೇಕು. ಕಾಣದಿದ್ದರೆ ಅದು ಬೆನ್ನಿನ ಸಾಲಿನಿಂದ ಹಿಂದಕ್ಕೆ ಹೋಗಿದೆ ಅಂತಲೇ ಅರ್ಥ. ಇನ್ನೊಂದು ಟವೆಲ್ ಸೇರಿಸಿ.

ಏಳುವುದು. ಆಪರೇಷನ್ ಆಗದ ಬದಿಗೆ ಹೊರಳಿ, ಆ ಕೈ ಊರಿ ಎದ್ದೇಳಿ. ಕುರ್ಚಿಯಿಂದ ಏಳುವಾಗಲೂ ಇದೇ ನಿಯಮ. ಹೊಲಿಗೆ ಕಿತ್ತುಬರಲು ಎರಡೂ ಕೈ ಊರಿ ಒಂದು ಸಲ ಎದ್ದರೂ ಸಾಕು. ನಿದ್ದೆಗಣ್ಣಿನಲ್ಲಿ ಈ ತಪ್ಪು ಆಗುತ್ತದೆ, ಅದಕ್ಕೇ ರಾತ್ರಿಯೂ ಸ್ಲಿಂಗ್ ಹಾಕಿಕೊಳ್ಳಲು ಹೇಳುವುದು.

ಬಟ್ಟೆ. ಹಾಕುವಾಗ ಆಪರೇಷನ್ ಆದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಅಂಗಿಯ ತೋಳನ್ನು ಕೈಗೆ ಏರಿಸಬೇಕು, ಕೈಯನ್ನು ತೋಳಿನ ಕಡೆ ಚಾಚಬಾರದು.

ಕಂಕುಳು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ವಾರಗಟ್ಟಲೆ ಕೈ ಮೈಗೆ ಅಂಟಿ ಚರ್ಮ ಬೆವತು ಹುಣ್ಣಾಗುತ್ತದೆ. ಸ್ಲಿಂಗ್ ತೆಗೆದು, ಒಳ್ಳೆಯ ಕೈಯಿಂದ ಮೇಜು ಹಿಡಿದು, ಸೊಂಟದಿಂದ ಮುಂದಕ್ಕೆ ಬಾಗಿ. ಕೈ ತಾನಾಗಿ ಮೈಯಿಂದ ದೂರ ತೂಗುತ್ತದೆ. ಬೇರೆಯವರು ಒದ್ದೆ ಬಟ್ಟೆಯಲ್ಲಿ ಕಂಕುಳು ಒರೆಸಿ, ಒಣಗಿಸಲಿ. ಹೀಗೆ ಬಾಗಿದಾಗ ಕೈ ಎತ್ತುವ ಅಗತ್ಯವೇ ಇರುವುದಿಲ್ಲ. ಹೊಲಿಗೆ ಅಥವಾ ಸ್ಟೇಪಲ್ ತೆಗೆಯುವ ತನಕ, ಅಂದರೆ ಸಾಮಾನ್ಯವಾಗಿ 10 ರಿಂದ 14 ದಿನ, ಗಾಯಕ್ಕೆ ನೀರು ತಾಗದಂತೆ ನೋಡಿಕೊಳ್ಳಿ.

ಈ ಹಂತದ ವ್ಯಾಯಾಮ, ಎಚ್ಚರ ಇರುವಷ್ಟು ಹೊತ್ತು ಒಂದೆರಡು ಗಂಟೆಗೊಮ್ಮೆ:

1. ಮುಷ್ಟಿ ಬಿಗಿದು ಬಿಡುವುದು, 10 ಸಲ. ಕೈ ಊದುವುದನ್ನು ಇದು ಇಳಿಸುತ್ತದೆ.
2. ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸುವುದು, 10 ಸಲ.
3. ಮೇಲ್ತೋಳು ಮೈಗೆ ತಾಗಿರುವಂತೆಯೇ ಮೊಣಕೈ ಮಡಚಿ ನಿಧಾನ ಚಾಚುವುದು, 10 ಸಲ. ಆಪರೇಷನ್ ವೇಳೆ ಮೇಲ್ತೋಳಿನ ಮುಂಭಾಗದ ಬೈಸೆಪ್ಸ್ ಸ್ನಾಯುವಿನ ಟೆಂಡನ್ ಕೂಡ ಹೊಲಿದಿದ್ದರೆ ಇದನ್ನು ಇನ್ನೊಂದು ಕೈಯ ಸಹಾಯದಿಂದ ಮಾತ್ರ ಮಾಡಿ.
4. ಎರಡೂ ಹೆಗಲ ಮೂಳೆಗಳನ್ನು ಮೆಲ್ಲಗೆ ಹಿಂದಕ್ಕೆ, ಕೆಳಕ್ಕೆ ಸೇರಿಸಿ 5 ಸೆಕೆಂಡ್ ಹಿಡಿಯುವುದು.

ಭುಜದಿಂದ ಮೊಣಕೈವರೆಗೆ ಚರ್ಮ ನೀಲಿ ಹಳದಿ ಆಗುವುದು, ಬೆರಳು ಸ್ವಲ್ಪ ಊದುವುದು ಸಹಜ. ರಕ್ತ ಕೆಳಕ್ಕೆ ಇಳಿಯುತ್ತಿರುತ್ತದೆ, ಅಷ್ಟೇ.

ಹಂತ 4: 2 ರಿಂದ 6ನೇ ವಾರ, ಬೇರೆ ಬಲದಿಂದ ಭುಜ ಆಡಿಸುವ ಕಾಲ

ಇಲ್ಲಿ ಒಂದು ವ್ಯತ್ಯಾಸ ಮನಸ್ಸಿಗೆ ಗಟ್ಟಿಯಾಗಿ ಕೂರಬೇಕು. ಆಪರೇಷನ್ ಆದ ಕೈ ಸಪ್ಪೆಯಾಗಿ ಬಿಟ್ಟಿರಬೇಕು, ಅದನ್ನು ಆಡಿಸುವ ಬಲ ಇನ್ನೊಂದು ಕೈಯಿಂದಲೋ, ಮೈ ತೂಗುವುದರಿಂದಲೋ, ಫಿಸಿಯೋ ಕೈಯಿಂದಲೋ ಬರಬೇಕು. ಕೈ ಮೇಲೆ ಹೋಯಿತು ಅನ್ನುವುದಷ್ಟೇ ಸಾಲದು. ಯಾವ ಬಲದಿಂದ ಹೋಯಿತು ಅನ್ನುವುದೇ ಈಗ ಮುಖ್ಯ.

ರಿವರ್ಸ್ ಆದವರಲ್ಲಿ ಕೆಲವರಿಗೆ ಸರ್ಜನ್ ಈ ಹಂತವನ್ನು ತಡವಾಗಿ ಶುರು ಮಾಡಲು ಹೇಳುತ್ತಾರೆ. ಹೇಳಿದರೆ ಕಾಯಿರಿ.

1. ಪೆಂಡುಲಮ್. ಒಳ್ಳೆಯ ಕೈ ಮೇಜಿನ ಮೇಲೆ, ಸೊಂಟ ಬಾಗಿಸಿ, ಕೈ ಜೋಲು ಬಿಡಿ. ಈಗ ಮೈಯನ್ನು ಹಿಂದೆ ಮುಂದೆ ತೂಗಿ. ಮೈ ತೂಗಿದ್ದಕ್ಕೆ ಕೈ ತೂಗಬೇಕು. ತುಂಬಾ ಜನ ಮೈ ನಿಲ್ಲಿಸಿ ಕೈಯನ್ನೇ ಸುತ್ತಿಸುತ್ತಾರೆ. ಹಾಗೆ ಮಾಡಿದರೆ ವಿಶ್ರಾಂತಿಯಲ್ಲಿ ಇರಬೇಕಾದ ಸ್ನಾಯುವಿಗೇ ದುಡಿಮೆ ಬೀಳುತ್ತದೆ. ಒಂದು ನಿಮಿಷ ಸಾಕು.

2. ಮಲಗಿ ಕೈ ಎತ್ತುವುದು. ಅಂಗಾತ ಮಲಗಿ, ತೋಳಿನ ಕೆಳಗೆ ಟವೆಲ್ ಇರಲಿ. ಒಳ್ಳೆಯ ಕೈಯಿಂದ ಆಪರೇಷನ್ ಆದ ಕೈಯ ಮಣಿಕಟ್ಟು ಹಿಡಿಯಿರಿ. ಉಸಿರು ಬಿಡುತ್ತಾ ಎರಡೂ ಕೈಯನ್ನು ಚಾವಣಿಯ ಕಡೆಗೆ ಎತ್ತಿ. ಬಿಗಿತ ಸಿಗುವ ಜಾಗದಲ್ಲಿ 5 ರಿಂದ 10 ಸೆಕೆಂಡ್ ನಿಲ್ಲಿ. ಆಮೇಲೆ ಇಳಿಸಿ. ಇಳಿಸುವಾಗ ಜಾಗ್ರತೆ ಇನ್ನೂ ಹೆಚ್ಚು ಬೇಕು, ಯಾಕೆಂದರೆ ಆಗ ಒಳ್ಳೆಯ ಕೈ ಸಡಿಲವಾಗಿ, ಭಾರ ಪೂರ್ತಿ ಇನ್ನೊಂದರ ಮೇಲೆ ಬೀಳುತ್ತದೆ. ಸಾಮಾನ್ಯವಾಗಿ ಮೊದಲು 90 ಡಿಗ್ರಿಯವರೆಗೆ, ಅಂದರೆ ಕೈ ನೇರ ಚಾವಣಿ ತೋರಿಸುವವರೆಗೆ ಮಾತ್ರ ಬಿಡುತ್ತಾರೆ. 6ನೇ ವಾರದ ಹೊತ್ತಿಗೆ 120ರ ಆಸುಪಾಸು ಗುರಿ ಇರುತ್ತದೆ.

3. ಮೇಜಿನ ಮೇಲೆ ಜಾರಿಸುವುದು. ಮೇಜಿನ ಮುಂದೆ ಕುಳಿತು, ಟವೆಲ್ ಮೇಲೆ ಎರಡೂ ಅಂಗೈ ಇಟ್ಟು, ಮೈ ಮುಂದಕ್ಕೆ ಬಾಗಿಸಿ. ಕೈ ತಾನಾಗಿ ಮುಂದೆ ಜಾರುತ್ತದೆ. ಮಲಗಿ ಮಾಡುವುದು ಭಯ ಅನ್ನಿಸುವವರಿಗೆ ಇದೇ ಒಳ್ಳೆಯದು.

4. ಕೋಲಿನಿಂದ ಹೊರಕ್ಕೆ ತಿರುಗಿಸುವುದು. ಮಲಗಿ, ಮೊಣಕೈ ಮಡಚಿ ಮೈಗೆ ತಾಗಿಸಿ, ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ತಳ್ಳಿ. ಟೆಂಡನ್ ಹೊಲಿದವರಿಗೆ 6 ವಾರದವರೆಗೆ ಹಲವು ಸರ್ಜನ್‌ಗಳು ಹಾಕುವ ಗಡಿ 30 ಡಿಗ್ರಿ. ಇದನ್ನು ಕೆಲವರಿಗೆ ಪೂರ್ತಿ ಬೇಡ ಅಂತಲೂ ಹೇಳಿರುತ್ತಾರೆ, ನಿಮ್ಮ ಕಾಗದ ನೋಡಿ.

ಒಂದೊಂದು 10 ಸಲ, ದಿನಕ್ಕೆ 3 ರಿಂದ 4 ಬಾರಿ. ಒಟ್ಟಿಗೆ ಒಂದು ಗಂಟೆ ಕೂತು ಮಾಡುವುದಕ್ಕಿಂತ ಹತ್ತು ಹದಿನೈದು ನಿಮಿಷದಂತೆ ಹಲವು ಸಲ ಮಾಡುವುದು ಎಷ್ಟೋ ಮೇಲು. ಶುರು ಮಾಡುವ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ, ಮುಗಿದ ಮೇಲೆ ಐಸ್.

ಎಷ್ಟು ನೋವು ಸರಿ? ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಮೂರು ನಾಲ್ಕರ ತನಕ ಎಳೆತ ಇದ್ದರೆ, ಅದು ಒಂದೆರಡು ಗಂಟೆಯಲ್ಲಿ ಇಳಿದರೆ, ಸರಿ. ರಾತ್ರಿ ನಿದ್ದೆ ಕೆಡಿಸಿದರೆ, ಮರುದಿನ ಬೆಳಗ್ಗೆಯೂ ಉಳಿದರೆ, ನೀವು ಮಾಡಿದ್ದು ಜಾಸ್ತಿಯಾಯಿತು. ಒಂದು ದಿನ ಬಿಟ್ಟು, ಅರ್ಧಕ್ಕೆ ಇಳಿಸಿ ಮತ್ತೆ ಶುರು ಮಾಡಿ. ಚುಚ್ಚಿದಂತೆ ಥಟ್ಟನೆ ಬರುವ ನೋವು ಬೇರೆ, ಅಲ್ಲಿಗೇ ನಿಲ್ಲಿಸಿ.

ಈ ಹಂತದಲ್ಲಿ ಮಾಡಬಾರದ್ದು: ನೀರಿನ ಲೋಟಕ್ಕಿಂತ ಭಾರದ್ದನ್ನು ಎತ್ತುವುದು, ಬಾಗಿಲು ತಳ್ಳುವುದು ಎಳೆಯುವುದು, ಕೈ ಬೆನ್ನ ಹಿಂದೆ ಒಯ್ಯುವುದು, ಗಾಡಿ ಓಡಿಸುವುದು. ಮೇಜಿನ ಮುಂದೆ ಕುಳಿತು, ಮೊಣಕೈ ಮೈಗೆ ಒತ್ತಿಕೊಂಡು ಬರೆಯುವುದು, ಟೈಪ್ ಮಾಡುವುದು ಹೆಚ್ಚಿನವರಿಗೆ ಪರವಾಗಿಲ್ಲ.

ಹಂತ 5: 6 ರಿಂದ 12ನೇ ವಾರ, ಸ್ವಂತ ಬಲದಿಂದ ಕೈ ಎತ್ತುವ ಕಾಲ

ಸ್ಲಿಂಗ್ ಸಾಮಾನ್ಯವಾಗಿ 4 ರಿಂದ 6 ವಾರಕ್ಕೆ ಹೋಗುತ್ತದೆ. ಒಂದೇ ದಿನದಲ್ಲಿ ಬಿಡಬೇಡಿ. ಮೊದಲು ಮನೆಯೊಳಗೆ ಕುಳಿತಾಗ ತೆಗೆಯಿರಿ, ಆಮೇಲೆ ಓಡಾಡುವಾಗ. ಜನ ಸೇರುವ ಕಡೆ ಇನ್ನೂ ಕೆಲವು ದಿನ ಹಾಕಿಕೊಂಡು ಹೋಗಿ. ಸ್ಲಿಂಗ್ ಕಂಡರೆ ಜನ ದೂರ ನಿಲ್ಲುತ್ತಾರೆ, ಕೈ ಹಿಡಿದು ಎಳೆಯುವುದಿಲ್ಲ.

ಇಡೀ ಚೇತರಿಕೆಯಲ್ಲಿ ಫಲ ನಿರ್ಧಾರವಾಗುವುದು ಈ ಆರು ವಾರದಲ್ಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದರೆ ಕೈ ಎತ್ತುವ ರೀತಿಯನ್ನು ಮೆದುಳು ಈಗ ಹೊಸದಾಗಿ ಕಲಿಯುತ್ತದೆ. ವರ್ಷಗಟ್ಟಲೆ ನೋವಿದ್ದ ಭುಜ ಹೆಗಲನ್ನು ಕಿವಿ ತನಕ ಏರಿಸಿ ಕೈ ಎತ್ತುವ ಅಭ್ಯಾಸ ಮಾಡಿಕೊಂಡಿರುತ್ತದೆ. ಕೀಲು ಬದಲಾದರೂ ಅಭ್ಯಾಸ ಬದಲಾಗಿರುವುದಿಲ್ಲ. ತಪ್ಪು ರೀತಿಯಲ್ಲಿ ನೂರು ಸಲ ಎತ್ತಿದರೆ ತಪ್ಪೇ ಗಟ್ಟಿಯಾಗುತ್ತದೆ.

ಅದಕ್ಕೆ ಕನ್ನಡಿ. ಎರಡೂ ಹೆಗಲು ಕಾಣುವಂತೆ ನಿಂತು ಕೈಯನ್ನು ಮುಂದಕ್ಕೆ ಎತ್ತಿ. ಹೆಗಲಿನ ಗೆರೆ ಏರುವುದಕ್ಕೆ ಶುರುವಾದ ಕ್ಷಣವೇ ನಿಮ್ಮ ಇಂದಿನ ಗಡಿ. ಅಲ್ಲಿಗೆ ನಿಲ್ಲಿಸಿ, ಇಳಿಸಿ. ಅದಕ್ಕಿಂತ ಮೇಲೆ ಎತ್ತಬೇಕಾದರೆ ಇನ್ನೊಂದು ಕೈ ಅಥವಾ ಕೋಲಿನ ಸಹಾಯ ತೆಗೆದುಕೊಳ್ಳಿ. ಕೈ 70 ಡಿಗ್ರಿ ಹೋದರೂ ಹೆಗಲು ಸಮ ಇದ್ದರೆ, ಅದು ಹೆಗಲೆತ್ತಿ ಹೋದ 110 ಡಿಗ್ರಿಗಿಂತ ಮೇಲು.

ಕ್ರಮ ಹೀಗಿರಲಿ, ಮೆಟ್ಟಿಲು ಹಾರಬೇಡಿ:

1. ಅಂಗಾತ ಮಲಗಿ, ಕೋಲಿನ ಸಹಾಯದಿಂದ ಎತ್ತುವುದು. ಸಲೀಸಾದ ಮೇಲೆ,
2. ಅಂಗಾತ ಮಲಗಿ, ಮೊಣಕೈ ಮಡಚಿ, ಸ್ವಂತ ಬಲದಿಂದ. ಆಮೇಲೆ ಮೊಣಕೈ ಚಾಚಿ.
3. ಬೆನ್ನಿಗೆ ದಿಂಬು ಕೊಟ್ಟು 30 ರಿಂದ 45 ಡಿಗ್ರಿ ಒರಗಿ, ಅದೇ ಚಲನೆ.
4. ನೇರ ಕುಳಿತು, ಕೈಯನ್ನು ಗೋಡೆಯ ಮೇಲೆ ಜಾರಿಸುತ್ತಾ ಎತ್ತುವುದು.
5. ಆಸರೆಯಿಲ್ಲದೆ ನಿಂತು ಎತ್ತುವುದು.

ಮಲಗಿದಾಗ ಸುಲಭವಾಗಿ ಹೋಗುವ ಕೈ ನಿಂತಾಗ ಎದೆ ಮಟ್ಟಕ್ಕೂ ಬರದಿರುವುದನ್ನು ಕಂಡು ಗಾಬರಿಯಾಗುವವರು ತುಂಬಾ. ಕೀಲು ಸರಿಯಾಗಿದೆ, ಭೂಮಿಯ ಸೆಳೆತವನ್ನು ಗೆಲ್ಲುವಷ್ಟು ಸ್ನಾಯು ಬಲ ಇನ್ನೂ ಬಂದಿಲ್ಲ ಅಷ್ಟೇ. ಒಂದು ಮೆಟ್ಟಿಲಲ್ಲಿ 10 ಸಲ, ಹೆಗಲು ಏರದೆ, ಮೂರು ನಾಲ್ಕು ದಿನ ಸತತವಾಗಿ ಬಂದರೆ ಮುಂದಿನ ಮೆಟ್ಟಿಲಿಗೆ ಹೋಗಿ.

ಪುಲ್ಲಿಯನ್ನು, ಅಂದರೆ ಒಳ್ಳೆಯ ಕೈಯಿಂದ ಹಗ್ಗ ಎಳೆದು ಇನ್ನೊಂದು ಕೈಯನ್ನು ಏರಿಸುವ ರಾಟೆಯನ್ನು, ಫಿಸಿಯೋ ಹೇಳಿದ ಮೇಲೆ ಈ ಹಂತದಲ್ಲಿ ಸೇರಿಸಬಹುದು. ಬಾಗಿಲಿಗೆ ಬೆನ್ನು ಮಾಡಿ ಕುಳಿತರೆ ಕೈ ಹಿಂದಕ್ಕೆ ಹೋಗುವ ಸಾಧ್ಯತೆ ಇದೆ. ಆರಂಭದಲ್ಲಿ ಬಾಗಿಲಿಗೆ ಮುಖ ಮಾಡಿ ಕುಳಿತುಕೊಳ್ಳುವುದು ಒಳ್ಳೆಯದು.

ಡೆಲ್ಟಾಯ್ಡ್ ಎಚ್ಚರಿಸಲು ಒತ್ತುವ ವ್ಯಾಯಾಮ ಇದೆ. ಗೋಡೆಗೆ ಮುಖ ಮಾಡಿ ನಿಂತು, ಮೊಣಕೈ ಮಡಚಿ, ಮುಷ್ಟಿಯಿಂದ ಗೋಡೆಯನ್ನು ಮುಂದಕ್ಕೆ ಮೆಲ್ಲಗೆ ಒತ್ತಿ 5 ಸೆಕೆಂಡ್ ಹಿಡಿಯಿರಿ. ಆಮೇಲೆ ಆಪರೇಷನ್ ಆದ ಬದಿ ಗೋಡೆಯ ಕಡೆ ಇರುವಂತೆ ನಿಂತು, ಮೊಣಕೈಯಿಂದ ಪಕ್ಕಕ್ಕೆ ಒತ್ತಿ. ಕೀಲು ಅಲುಗಬಾರದು. ನಿಮ್ಮ ಪೂರ್ತಿ ಬಲದ ಕಾಲು ಭಾಗ ಮಾತ್ರ ಹಾಕಿ. ಟೆಂಡನ್ ಹೊಲಿದವರು ಕೈಯನ್ನು ಒಳಕ್ಕೆ ಒತ್ತುವುದನ್ನು ಈಗಲೂ ಮಾಡಬೇಡಿ, ಅದಕ್ಕೆ ಫಿಸಿಯೋ ಅನುಮತಿ ಬೇಕು.

ಗಾಡಿ ಓಡಿಸುವುದು ಈ ಹಂತದಲ್ಲಿ ಶುರುವಾಗಬಹುದು. ಷರತ್ತು ಮೂರು: ಸ್ಲಿಂಗ್ ಪೂರ್ತಿ ಬಿಟ್ಟಿರಬೇಕು, ನಿದ್ದೆ ಬರಿಸುವ ನೋವಿನ ಮಾತ್ರೆ ನಿಂತಿರಬೇಕು, ಎರಡೂ ಕೈಯಿಂದ ಥಟ್ಟನೆ ಸ್ಟೀರಿಂಗ್ ತಿರುಗಿಸಲು ಆಗಬೇಕು. ನಿಂತ ಗಾಡಿಯಲ್ಲಿ ಕುಳಿತು ಮೊದಲು ಪರೀಕ್ಷಿಸಿ, ಸರ್ಜನ್ ಒಪ್ಪಿದ ಮೇಲೆ ರಸ್ತೆಗೆ ಇಳಿಯಿರಿ.

ಹಂತ 6: 3ನೇ ತಿಂಗಳಿಂದ 6ನೇ ತಿಂಗಳವರೆಗೆ, ಬಲ ಕೂಡಿಸುವ ಕಾಲ

ಹೊಲಿದ ಟೆಂಡನ್‌ಗೆ ಭಾರ ತಾಳುವ ಶಕ್ತಿ ಬರುವುದು ಸುಮಾರು 12 ವಾರದ ನಂತರ. ರಬ್ಬರ್ ಬ್ಯಾಂಡ್ ಈಗ ಹೊರಗೆ ತೆಗೆಯಿರಿ. ಎಲ್ಲಕ್ಕಿಂತ ತೆಳುವಾದದ್ದು.

ಮೊದಲು ಬ್ಯಾಂಡನ್ನು ಸೊಂಟದ ಮಟ್ಟದಲ್ಲಿ ಕಟ್ಟಿ, ಮೊಣಕೈ ಮೈಗೆ ತಾಗಿಸಿ, ಹಿಂದಕ್ಕೆ ಎಳೆಯುವುದು. ಮೊಣಕೈ ಬೆನ್ನಿನ ಸಾಲು ದಾಟಬಾರದು. ಆಮೇಲೆ ಹೊರಕ್ಕೆ ತಿರುಗಿಸುವುದು, ಆಮೇಲೆ ಒಳಕ್ಕೆ. ಕೊನೆಗೆ ಮುಂದಕ್ಕೆ ಎತ್ತುವುದು. ಕಂಕುಳಲ್ಲಿ ಸಣ್ಣ ಟವೆಲ್ ಸುರುಳಿ ಇಟ್ಟುಕೊಂಡರೆ ಮೊಣಕೈ ಹಾರುವುದಿಲ್ಲ. 10 ಸಲದ ಎರಡು ಸುತ್ತು, ದಿನ ಬಿಟ್ಟು ದಿನ. ಚಲನೆಯ ವ್ಯಾಯಾಮಗಳು ಮಾತ್ರ ಪ್ರತಿದಿನ ಮುಂದುವರಿಯಲಿ.

15 ಸಲ ಸಲೀಸಾಗಿ ಆದರೆ ಅರ್ಧ ಕಿಲೋ ಭಾರ. ಅಲ್ಲಿಂದ ಒಂದು ಕಿಲೋಗೆ ಹೋಗಲು ವಾರಗಳೇ ಬೇಕು. ಭಾರ ಏರಿಸುವ ಅವಸರ ಬೇಡ. ಈ ಭುಜಕ್ಕೆ ಕಡಿಮೆ ಭಾರ, ಹೆಚ್ಚು ಸಲ ಅನ್ನುವುದೇ ಸರಿ.

ರಿವರ್ಸ್ ಆದವರಿಗೆ ಒಂದು ವಿಶೇಷ ಎಚ್ಚರಿಕೆ. ಇಲ್ಲಿ ಡೆಲ್ಟಾಯ್ಡ್ ಹೆಚ್ಚು ದುಡಿಯುತ್ತದೆ, ಅದು ಅಂಟಿಕೊಂಡಿರುವ ಭುಜದ ತುದಿಯ ಮೂಳೆಯ ಮೇಲೆ ಎಳೆತ ಹೆಚ್ಚು. ಮೂಳೆ ಸವಕಲಾಗಿರುವವರಲ್ಲಿ ಅಲ್ಲಿ ಸಣ್ಣ ಬಿರುಕು ಬಿಡಬಹುದು. ಚೆನ್ನಾಗಿ ಸುಧಾರಿಸುತ್ತಿದ್ದ ಕೈಯಲ್ಲಿ, ಬೀಳದೆ ಏಟು ಬೀಳದೆ, ಭುಜದ ನೆತ್ತಿಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಹೊಸ ನೋವು ಶುರುವಾದರೆ ವ್ಯಾಯಾಮ ನಿಲ್ಲಿಸಿ, ಸರ್ಜನ್‌ಗೆ ತೋರಿಸಿ. ಸ್ನಾಯು ನೋವು ಅಂತ ಇದರ ಮೇಲೆ ಬ್ಯಾಂಡ್ ಎಳೆಯುತ್ತಾ ಹೋಗುವುದು ದೊಡ್ಡ ತಪ್ಪು. ಮೊದಲ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು. ನೋವು ಹೋಗದಿದ್ದರೆ ಮತ್ತೆ ಹೋಗಿ ಕೇಳಿ, ಸಿಟಿ ಸ್ಕ್ಯಾನ್ ಬೇಕಾಗಬಹುದು.

ಬೆನ್ನ ಹಿಂದೆ ಕೈ ಒಯ್ಯುವುದನ್ನು ಈಗ ಫಿಸಿಯೋ ಮೆಲ್ಲಗೆ ಶುರು ಮಾಡಿಸುತ್ತಾರೆ. ಮೊದಲು ಸೊಂಟದ ಪಕ್ಕ, ಆಮೇಲೆ ಹಿಂದಿನ ಜೇಬು. ಟವೆಲ್ ಹಿಡಿದು ಇನ್ನೊಂದು ಕೈಯಿಂದ ಜಗ್ಗುವ ವ್ಯಾಯಾಮವನ್ನು ನೀವಾಗಿಯೇ ಶುರು ಮಾಡಬೇಡಿ.

ಹಂತ 7: 6 ರಿಂದ 12ನೇ ತಿಂಗಳು, ಎಲ್ಲರೂ ಕೈಬಿಡುವ ಕಾಲ

ಸುಧಾರಣೆಯ ದೊಡ್ಡ ಪಾಲು ಮೊದಲ ಆರು ತಿಂಗಳಲ್ಲಿ ಬರುತ್ತದೆ. ಆಮೇಲೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆದರೆ ಬಲ ಮತ್ತು ಸಲೀಸು ಒಂದು ವರ್ಷದವರೆಗೆ, ಕೆಲವರಲ್ಲಿ ಅದರಾಚೆಗೂ ಏರುತ್ತಲೇ ಇರುತ್ತದೆ. ವಾರ ವಾರ ಅಳೆದರೆ ಕಾಣುವುದಿಲ್ಲ. ತಿಂಗಳಿಗೊಮ್ಮೆ ಅಳೆಯಿರಿ: ಗೋಡೆಗೆ ಮುಖ ಮಾಡಿ ನಿಂತು, ಹೆಗಲೆತ್ತದೆ ಬೆರಳು ಎಲ್ಲಿ ತನಕ ಮುಟ್ಟಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಪಾದ ಪ್ರತಿ ಸಲವೂ ಅದೇ ಜಾಗದಲ್ಲಿರಲಿ.

ನಿರೀಕ್ಷೆಯೂ ನಿಜಕ್ಕೆ ಹತ್ತಿರ ಇರಬೇಕು. ಸಾಮಾನ್ಯ ಬದಲಿಯಲ್ಲಿ ಕೈ 140 ಡಿಗ್ರಿಯ ಮೇಲೆ ಹೋಗುವುದು ಉಂಟು. ರಿವರ್ಸ್ ಬಗೆಯಲ್ಲಿ 120 ರಿಂದ 140 ಬಂದರೆ ಒಳ್ಳೆಯ ಫಲ. ತಲೆ ಬಾಚಲು, ಕಪಾಟಿನ ನಡುವಿನ ಅರೆ ಮುಟ್ಟಲು ಅಷ್ಟು ಸಾಕು. ರಿವರ್ಸ್ ಆದ ಕೆಲವರಿಗೆ ಕೈ ಬೆನ್ನ ಹಿಂದೆ ಪೂರ್ತಿ ಹೋಗುವುದೇ ಇಲ್ಲ. ಅದು ಇಂಪ್ಲಾಂಟ್‌ನ ಆಕಾರದ ಮಿತಿ, ನಿಮ್ಮ ಪ್ರಯತ್ನದ ಕೊರತೆಯಲ್ಲ. ಎಳೆದು ಬಗ್ಗಿಸಿ ಗೆಲ್ಲಲು ಹೋಗಬೇಡಿ. ಆ ಕೆಲಸಕ್ಕೆ ಇನ್ನೊಂದು ಕೈಯನ್ನು ರೂಢಿ ಮಾಡಿಕೊಳ್ಳಿ.

ಈಜು, ಗಾಲ್ಫ್‌ನಂಥ ಆಟಕ್ಕೆ ಸಾಮಾನ್ಯವಾಗಿ ಆರು ತಿಂಗಳ ಆಸುಪಾಸು ಸರ್ಜನ್ ಒಪ್ಪಿಗೆ ಕೊಡುತ್ತಾರೆ. ಮೈಗೆ ಮೈ ತಾಗುವ ಆಟ, ಸುತ್ತಿಗೆಯ ಭಾರಿ ಹೊಡೆತ, ತಲೆಯ ಮೇಲೆ ಭಾರ ಎತ್ತುವುದು, ಜರ್ಕ್ ಕೊಟ್ಟು ಎಳೆಯುವುದು, ಇವು ಯಾವತ್ತಿಗೂ ಬೇಡ. ಪ್ಲಾಸ್ಟಿಕ್ ಬಟ್ಟಲು ಸಡಿಲವಾಗುವುದಕ್ಕೆ ವರ್ಷಗಟ್ಟಲೆ ಬೀಳುವ ಇಂಥ ಹೊರೆಯೂ ಒಂದು ಕಾರಣ. ಎಷ್ಟು ಕಿಲೋ ಎತ್ತಬಹುದು ಅನ್ನುವುದನ್ನು ನಿಮ್ಮ ಸರ್ಜನ್ ಬಾಯಲ್ಲೇ ಕೇಳಿ. ಎರಡೂ ಕೈ ಸೇರಿಸಿ ಸುಮಾರು 10 ಕಿಲೋ ಅನ್ನುವ ಗಡಿಯನ್ನು ಹಲವರು ಹಾಕುತ್ತಾರೆ. ಎತ್ತುವಾಗ ಮೊಣಕೈ ಮೈಗೆ ಹತ್ತಿರ ಇರಲಿ. ಅದೇ ಭಾರ ಕೈ ಚಾಚಿ ಹಿಡಿದರೆ ಭುಜದ ಮೇಲಿನ ಹೊರೆ ಹಲವು ಪಟ್ಟಾಗುತ್ತದೆ.

ಒಂದು ವರ್ಷದ ನಂತರವೂ ವಾರಕ್ಕೆ ಎರಡು ಮೂರು ದಿನ ಬ್ಯಾಂಡ್ ವ್ಯಾಯಾಮ ಇರಲಿ. ನೋವಿಲ್ಲದಿದ್ದರೂ ಎಕ್ಸ್‌ರೇ ತಪಾಸಣೆ ತಪ್ಪಿಸಬೇಡಿ, ಇಂಪ್ಲಾಂಟ್ ಸಡಿಲಾಗುವುದು ಮೊದಲು ಅಲ್ಲಿಯೇ ಕಾಣುವುದುಂಟು. ಹಲ್ಲಿನ ಚಿಕಿತ್ಸೆಗೆ ಹೋದಾಗ ಭುಜದಲ್ಲಿ ಇಂಪ್ಲಾಂಟ್ ಇದೆ ಅಂತ ದಂತವೈದ್ಯರಿಗೆ ಮೊದಲೇ ತಿಳಿಸಿ.

ಹಂತ 8: ಎಚ್ಚರಿಕೆಯ ಲಕ್ಷಣಗಳು, ಯಾವಾಗ ಯಾರನ್ನು ಕಾಣಬೇಕು

ಇದನ್ನು ಕೊನೆಗೆ ಬರೆದಿದ್ದರೂ ಮೊದಲ ದಿನವೇ ಮನೆಯವರಿಗೆ ಓದಿಸಿ.

ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕಾದದ್ದು: ಎದೆನೋವು, ಉಸಿರು ಕಟ್ಟುವುದು. ಕಾಲಿನ ಮೀನಖಂಡ ಅಥವಾ ಇಡೀ ಕೈ ಬಿಗಿದು ಊದಿ ನೋಯುವುದು, ಇದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಬೆರಳು ತಣ್ಣಗಾಗಿ ಬಣ್ಣ ಬಿಳಿಚುವುದು. ಬಿದ್ದಾಗ ಅಥವಾ ಕೈ ತಿರುಚಿದಾಗ ಲಟಕ್ ಅಂದು, ಭುಜದ ಆಕಾರವೇ ಬದಲಾಗಿ, ಕೈ ಅಲ್ಲಾಡಿಸಲು ಆಗದಿರುವುದು. ಕೀಲು ಜಾರಿದ್ದರೆ ಮನೆಯಲ್ಲಿ ಯಾರೂ ಅದನ್ನು ಎಳೆದು ಕೂರಿಸಲು ಹೋಗಬಾರದು. ಸ್ಲಿಂಗ್ ಹಾಕಿ, ಹೇಗಿದೆಯೋ ಹಾಗೇ ಕರೆದೊಯ್ಯಿರಿ.

ಅದೇ ದಿನ ಸರ್ಜನ್‌ಗೆ ತಿಳಿಸಬೇಕಾದದ್ದು: 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಜ್ವರ, ಗಾಯದ ಸುತ್ತ ಕೆಂಪು ಹರಡುವುದು, ಕೀವು ಅಥವಾ ನಿಲ್ಲದ ಸೋರಿಕೆ. ನರದ ಮದ್ದು ಇಳಿದ ಮೇಲೂ ಬೆರಳಲ್ಲಿ ಮರಗಟ್ಟುವಿಕೆ ಉಳಿಯುವುದು, ಮಣಿಕಟ್ಟು ಎತ್ತಲು ಆಗದಿರುವುದು.

ಸಾಮಾನ್ಯ ಬದಲಿ ಆದವರು ಇನ್ನೊಂದನ್ನು ಗಮನಿಸಿ. ಕೈ ಇದ್ದಕ್ಕಿದ್ದಂತೆ ಮೊದಲಿಗಿಂತ ಜಾಸ್ತಿ ಹೊರಕ್ಕೆ ತಿರುಗತೊಡಗಿದರೆ ಅದು ಸುಧಾರಣೆ ಅಲ್ಲದಿರಬಹುದು. ಜೊತೆಗೆ ಅಂಗೈಯಿಂದ ಹೊಟ್ಟೆಯನ್ನು ಒತ್ತುವ ಬಲವೂ ಕುಗ್ಗಿದ್ದರೆ ಮುಂಭಾಗದ ಟೆಂಡನ್ ಕಿತ್ತಿರುವ ಸಂಶಯ ಇದೆ. ಹೊಟ್ಟೆ ಒತ್ತಿ ಪರೀಕ್ಷಿಸುವುದನ್ನು ಮೊದಲ ಮೂರು ತಿಂಗಳು ನೀವೇ ಮಾಡಬೇಡಿ, ಅದನ್ನು ವೈದ್ಯರು ನೋಡಲಿ.

ಕೊನೆಯದು ಜನ ಹೆಚ್ಚು ಕಡೆಗಣಿಸುವಂಥದ್ದು. ಭುಜದ ಸೋಂಕು ಯಾವಾಗಲೂ ಜ್ವರ, ಕೀವು ಅಂತ ಜೋರಾಗಿ ಬರುವುದಿಲ್ಲ. ಕಂಕುಳು ಮತ್ತು ಭುಜದ ಚರ್ಮದಲ್ಲಿ ಸಹಜವಾಗಿ ಇರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನುವ ಬ್ಯಾಕ್ಟೀರಿಯಾ ತುಂಬಾ ನಿಧಾನವಾಗಿ ಬೆಳೆಯುತ್ತದೆ. ತಿಂಗಳುಗಳು, ಕೆಲವೊಮ್ಮೆ ವರ್ಷಗಳ ನಂತರ ಬರೀ ನೋವು, ಬಿಗಿತದ ರೂಪದಲ್ಲಿ ಕಾಣಿಸಿಕೊಳ್ಳಬಹುದು. ರಕ್ತ ಪರೀಕ್ಷೆಯೂ ಸರಿಯಾಗಿಯೇ ಬರಬಹುದು. ಕೀಲಿನಿಂದ ತೆಗೆದ ದ್ರವ ಅಥವಾ ಮಾಂಸದ ಮಾದರಿಯನ್ನು ಲ್ಯಾಬಿನಲ್ಲಿ ಹತ್ತು ದಿನಕ್ಕೂ ಮೀರಿ, ಸಾಮಾನ್ಯವಾಗಿ ಎರಡು ವಾರದವರೆಗೆ ಇಟ್ಟು ನೋಡಬೇಕಾಗುತ್ತದೆ. ಕ್ರಮವಾಗಿ ವ್ಯಾಯಾಮ ಮಾಡುತ್ತಿದ್ದರೂ ನೋವು ಇಳಿಯದೆ ನಿಂತಿದ್ದರೆ, ಬಂದಿದ್ದ ಚಲನೆ ಕಾರಣವಿಲ್ಲದೆ ಹಿಂದೆ ಸರಿಯುತ್ತಿದ್ದರೆ, ವ್ಯಾಯಾಮ ಹೆಚ್ಚಿಸುವ ಮುಂಚೆ ಸರ್ಜನ್‌ಗೆ ಈ ಪ್ರಶ್ನೆ ಕೇಳಿ: ಇದು ನಿಧಾನದ ಸೋಂಕು ಇರಬಹುದಾ? ಗೋಡೆಯ ಮೇಲಿನ ಗುರುತುಗಳ ಫೋಟೋ ತೆಗೆದುಕೊಂಡು ಹೋಗಿ. ಚಲನೆ ಯಾವ ತಿಂಗಳಲ್ಲಿ ಎಷ್ಟಿತ್ತು, ಯಾವಾಗ ಇಳಿಯಿತು ಅನ್ನುವುದು ಅವರಿಗೆ ಅದರಲ್ಲೇ ಸಿಗುತ್ತದೆ.